ಝರ್ಮಾಟಿನ ಹಗ್ಗ

ಹೋದ ವರ್ಷ ಜೂನ್ ತಿಂಗಳಲ್ಲಿ ಆಫೀಸ್ ಕೆಲಸದ ಮೇಲೆ ಎರಡು ವಾರ ಜ್ಯೂರಿಕ್‌ನಲ್ಲಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ಪುಣೆಯಿಂದ ಹೆಂಡತಿ, ಎಂಟನೇ ಕ್ಲಾಸಿನ ಮಗಳು ಮತ್ತು ಎಪ್ಪತ್ತೆರಡು ವರ್ಷದ ನನ್ನ ಅವ್ವ ಬಂದಿಳಿದರು. ಗದಗದ ಹತ್ತಿರದ ನಮ್ಮೂರಿನಿಂದ ಪುಣೆಗೆ ಬರುವುದೇ ಅವ್ವನಿಗೆ ದೂರದ ಪ್ರಯಾಣ. ಅವಳ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ಒಂದು ಉಣ್ಣೆಯ ಶಾಲು ಇದ್ದವು. ಎಲ್ಲಿಗೆ ಹೋಗಬೇಕೆಂದು ಮಗಳು ಮೊದಲೇ ತೀರ್ಮಾನಿಸಿದ್ದಳು. ಚಿಕ್ಕಂದಿನಿಂದ ಚಾಕೊಲೇಟ್ ಪೊಟ್ಟಣದ ಮೇಲೆ ನೋಡಿದ್ದ ಆ ತ್ರಿಕೋನದ ಬೆಟ್ಟವನ್ನು ಎದುರಿಗೆ ನೋಡಬೇಕಂತೆ.

ಆ ಬೆಟ್ಟದ ಹೆಸರು ಮ್ಯಾಟರ್‌ಹಾರ್ನ್. ಎತ್ತರ 4478 ಮೀಟರ್. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿ ಅದರ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಸ್ವಿಸ್ ಕಡೆ ಅದರ ಕಾಲಬುಡದಲ್ಲಿರುವ ಊರು ಝರ್ಮಾಟ್. ಆ ಊರೊಳಗೆ ಪೆಟ್ರೋಲ್, ಡೀಸೆಲ್ ಕಾರುಗಳನ್ನು ಬಿಡುವುದಿಲ್ಲ. ಐದು ಕಿಲೋಮೀಟರ್ ಕೆಳಗಿರುವ ಟೇಶ್ ಎಂಬ ಹಳ್ಳಿಯಲ್ಲೇ ಕಾರು ಬಿಟ್ಟು ರೈಲು ಹತ್ತಬೇಕು. ಝರ್ಮಾಟಿನ ಹೋಟೆಲ್ ಬಾಡಿಗೆ ನಮ್ಮ ಲೆಕ್ಕಕ್ಕೆ ನಿಲುಕದ್ದರಿಂದ ನಾವು ಉಳಿದದ್ದೂ ಟೇಶ್‌ನಲ್ಲೇ.

ಮ್ಯಾಟರ್‌ಹಾರ್ನ್ ಹತ್ತುವುದು ನಮ್ಮಂಥವರ ಕೆಲಸವಲ್ಲ. ಅದರ ಎದುರಿಗೆ ಗೋರ್ನರ್‌ಗ್ರಾಟ್ ಎಂಬ ಇನ್ನೊಂದು ಶಿಖರವಿದೆ. ಅದರ ತುದಿಯ ಹತ್ತಿರ, 3089 ಮೀಟರ್ ಎತ್ತರದ ನಿಲ್ದಾಣದವರೆಗೂ ರೈಲು ಹೋಗುತ್ತದೆ. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದ್ದು, ಗಾಡಿಯ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. 1898ರಲ್ಲಿ ಶುರುವಾದಾಗಿನಿಂದಲೂ ಈ ರೈಲು ವಿದ್ಯುತ್ತಿನ ಮೇಲೇ ಓಡುತ್ತಿದೆ. ಸುಮಾರು ಒಂಬತ್ತು ಕಿಲೋಮೀಟರ್ ದಾರಿ, ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ. ಅಷ್ಟರಲ್ಲಿ ಸುಮಾರು ಒಂದೂವರೆ ಸಾವಿರ ಮೀಟರ್ ಮೇಲೆ ಹೋಗಿರುತ್ತೇವೆ. ಪೈನ್ ಮರಗಳು ಹೋಗಿ ಹುಲ್ಲು ಬಂತು, ಹುಲ್ಲು ಹೋಗಿ ಕಲ್ಲು ಬಂತು, ಕಲ್ಲಿನ ಮೇಲೆ ಹಿಮ ಬಂತು. ಅವ್ವ ಕಿಟಕಿಗೆ ಮುಖ ಒತ್ತಿ ಕೂತಿದ್ದಳು. "ಗಾಡಿ ಹಿಂದಕ್ಕ ಜಾರಂಗಿಲ್ಲ ಹೌದಲ್ಲೋ?" ಎಂದು ಎರಡು ಸಲ ಕೇಳಿದಳು.

ಮೇಲೆ ಗಾಳಿ ತೆಳುವಾಗಿತ್ತು. ಹತ್ತು ಹೆಜ್ಜೆಗೊಮ್ಮೆ ಅವ್ವ ನಿಲ್ಲುತ್ತಿದ್ದಳು. ಒಂದು ಬೆಂಚಿನ ಮೇಲೆ ಅವಳನ್ನು ಕೂರಿಸಿ ನಾವೂ ಪಕ್ಕದಲ್ಲಿ ಕೂತೆವು. ಒಂದು ಕಡೆ ಗೋರ್ನರ್ ಹಿಮನದಿ, ಅದರಾಚೆ ಮಾಂಟೆ ರೋಸಾ ಪರ್ವತ. ಅದರ ಅತಿ ಎತ್ತರದ ಡುಫೂರ್ ಶಿಖರ 4634 ಮೀಟರ್. ಇನ್ನೊಂದು ಕಡೆ ಮೋಡ. ಹನ್ನೊಂದು ಗಂಟೆಗೆ ಮೋಡ ಸರಿದು ಮ್ಯಾಟರ್‌ಹಾರ್ನ್ ಒಂಟಿಯಾಗಿ ನಿಂತದ್ದು ಕಂಡಿತು.

"ಇದನ್ನ ಮೊದಲು ಯಾರು ಹತ್ತಿದ್ದು ಪಪ್ಪಾ?" ಎಂದಳು ಮಗಳು.

ನಾನು ಫೋನ್ ತೆಗೆದು ನೋಡಿ, "ಎಡ್ವರ್ಡ್ ವಿಂಪರ್, ಇಂಗ್ಲಿಷಿನವನು, 1865" ಎಂದೆ. ಒಬ್ಬನೇ ಹತ್ತಿದನೇನೋ ಎಂಬಂತೆ ಒಂದೇ ಹೆಸರು ಹೇಳಿದ್ದೆ. ಅವಳೂ ತಲೆಯಾಡಿಸಿದಳು.

ಮಧ್ಯಾಹ್ನ ಊರಿಗೆ ಇಳಿದು ಬಂದಾಗ ಮಳೆ ಶುರುವಾಗಿತ್ತು. ಮಳೆಯಿಂದ ತಪ್ಪಿಸಿಕೊಳ್ಳಲು ಚರ್ಚಿನ ಪಕ್ಕದ ಮ್ಯೂಸಿಯಂಗೆ ಹೊಕ್ಕೆವು. ನೆಲದಡಿಯಲ್ಲಿ ಹಳೆಯ ಹಳ್ಳಿಯ ಮನೆಗಳನ್ನು ಮತ್ತೆ ನಿಲ್ಲಿಸಿದ್ದಾರೆ. ಅಲ್ಲೊಂದು ಗಾಜಿನ ಪೆಟ್ಟಿಗೆಯಲ್ಲಿ, ತುದಿ ಬಿಚ್ಚಿ ನಾರು ನಾರಾದ ಒಂದು ತುಂಡು ಹಗ್ಗ ಇದೆ. ಜನ ಅದರ ಮುಂದೆ ಸುಮ್ಮನೆ ನಿಂತು ನೋಡುತ್ತಿದ್ದರು. ಅವ್ವ ಕನ್ನಡಕ ಏರಿಸಿಕೊಂಡು ಬಗ್ಗಿದಳು.

"ಇದೇನೋ ಇದು, ಕರಕ್ಕ ಕಟ್ಟೂ ಕಣ್ಣಿ ಇದ್ದಂಗ ಐತಿ. ಇದನ್ನ ಹಿಡ್ಕೊಂಡು ಆ ಗುಡ್ಡ ಹತ್ತಿದ್ರೇನು?"

ಪುಂಡಿನಾರು ಹೊಸೆದು ಹಗ್ಗ ಮಾಡುವುದನ್ನು ಹುಟ್ಟಿನಿಂದ ನೋಡಿದವಳು ಅವಳು. ಬಾವಿ ಹಗ್ಗ ಯಾವುದು, ಎತ್ತಿನ ಹಗ್ಗ ಯಾವುದು, ಕರುವಿನ ಕಣ್ಣಿ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಕೇಳಿದ ಪ್ರಶ್ನೆಯನ್ನೇ ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಯುರೋಪಿನ ಪರ್ವತಾರೋಹಿಗಳು ಕೇಳುತ್ತಿದ್ದಾರೆ. ಅಷ್ಟು ತೆಳ್ಳಗಿನ ಹಗ್ಗ ಅಲ್ಲಿಗೆ ಹೇಗೆ ಬಂತು? ಅದನ್ನು ಕಟ್ಟಿದವರು ಯಾರು? ಪುಣೆಗೆ ಹಿಂತಿರುಗಿದ ಮೇಲೆ ಈ ಕಥೆಯನ್ನು ಕೂತು ಓದಿದೆ. ಓದುತ್ತಾ ಹೋದಂತೆ ಅದು ಬರೀ ಬೆಟ್ಟದ ಕಥೆಯಾಗಿ ಉಳಿಯಲಿಲ್ಲ.

ಏಳು ಜನ

ಎಡ್ವರ್ಡ್ ವಿಂಪರ್ ಲಂಡನ್ನಿನವನು. ಮರದ ಅಚ್ಚಿನಲ್ಲಿ ಚಿತ್ರ ಕೆತ್ತುವುದು ಅವನ ಕಸುಬು. 1860ರಲ್ಲಿ ಒಬ್ಬ ಪ್ರಕಾಶಕರು ಆಲ್ಪ್ಸ್ ಪರ್ವತಗಳ ಚಿತ್ರ ಬರೆದು ತರಲು ಅವನನ್ನು ಕಳಿಸಿದರು. ಆಗ ಅವನಿಗೆ ಇಪ್ಪತ್ತು ವರ್ಷ. ಚಿತ್ರ ಬರೆಯಲು ಹೋದವನಿಗೆ ಬೆಟ್ಟದ ಹುಚ್ಚು ಹಿಡಿಯಿತು. ಆಲ್ಪ್ಸ್‌ನ ದೊಡ್ಡ ಶಿಖರಗಳು ಒಂದೊಂದಾಗಿ ಮನುಷ್ಯನ ಕಾಲಡಿಗೆ ಬರುತ್ತಿದ್ದ ಕಾಲ ಅದು. ಮ್ಯಾಟರ್‌ಹಾರ್ನ್ ಮಾತ್ರ ಯಾರಿಗೂ ಒಲಿದಿರಲಿಲ್ಲ. ಇಟಲಿಯ ಕಡೆಯಿಂದ ವಿಂಪರ್ ಮತ್ತೆ ಮತ್ತೆ ಪ್ರಯತ್ನಿಸಿ ಸೋತಿದ್ದ. ಆ ಕಡೆ ಅವನಿಗೆ ಜೊತೆಗಾರನೂ ಪ್ರತಿಸ್ಪರ್ಧಿಯೂ ಆಗಿದ್ದವನು ಜಾನ್ ಆಂಟ್ವಾನ್ ಕಾರೆಲ್ ಎಂಬ ಸ್ಥಳೀಯ ಮಾರ್ಗದರ್ಶಿ.

1865ರ ಜುಲೈ 11ರಂದು ವಿಂಪರ್‌ಗೆ ಒಂದು ಸುದ್ದಿ ತಿಳಿಯಿತು. ತನ್ನ ಜೊತೆ ಬರುತ್ತಾನೆಂದುಕೊಂಡಿದ್ದ ಕಾರೆಲ್, ಇಟಲಿಯವರ ತಂಡ ಕಟ್ಟಿಕೊಂಡು ಆಗಲೇ ಬೆಟ್ಟಕ್ಕೆ ಹೊರಟುಬಿಟ್ಟಿದ್ದ. ಹೊಸದಾಗಿ ಒಂದಾದ ಇಟಲಿಗೆ ಆ ಶಿಖರದ ಮೇಲೆ ಮೊದಲು ತನ್ನವರೇ ನಿಲ್ಲಬೇಕೆಂಬ ಆಸೆ. ವಿಂಪರ್ ಬಳಿ ಮಾರ್ಗದರ್ಶಿಯೂ ಇಲ್ಲ, ಕೂಲಿಯೂ ಇಲ್ಲ. ಅಷ್ಟರಲ್ಲಿ ಆ ಊರಿಗೆ ಬಂದ ಹದಿನೆಂಟು ವರ್ಷದ ಲಾರ್ಡ್ ಫ್ರಾನ್ಸಿಸ್ ಡಗ್ಲಸ್ ಸಿಕ್ಕ. ಇಬ್ಬರೂ 12ರಂದು ಥಿಯೋಡುಲ್ ಕಣಿವೆ ದಾಟಿ ಝರ್ಮಾಟಿಗೆ ಬಂದರು. ಡಗ್ಲಸ್‌ನ ಜೊತೆ ಹಿಂದಿನ ವಾರ ಇನ್ನೊಂದು ಬೆಟ್ಟ ಹತ್ತಿದ್ದ ಝರ್ಮಾಟಿನ ಪೀಟರ್ ಟೌಗ್‌ವಾಲ್ಡರ್‌ನನ್ನು ಗೊತ್ತುಮಾಡಿಕೊಂಡರು. ಅವನಿಗೆ ಆಗ ನಲವತ್ತೈದು ವರ್ಷ, ಅಂದರೆ ನನ್ನದೇ ವಯಸ್ಸು. ಅವನ ಮಗನ ಹೆಸರೂ ಪೀಟರ್. ಸಾಮಾನು ಹೊರಲು ಅವನೂ ಬಂದ.

ಅಂದು ಸಂಜೆ ಮಾಂಟೆ ರೋಸಾ ಹೋಟೆಲಿನಲ್ಲಿ ಇನ್ನೊಂದು ತಂಡ ಸಿಕ್ಕಿತು. ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಹಡ್ಸನ್, ಅವರ ಜೊತೆಗೆ ಹತ್ತೊಂಬತ್ತು ವರ್ಷದ ಡಗ್ಲಸ್ ಹ್ಯಾಡೋ, ಮತ್ತು ಫ್ರಾನ್ಸಿನ ಶಾಮನಿ ಕಣಿವೆಯ ಹೆಸರಾಂತ ಮಾರ್ಗದರ್ಶಿ ಮಿಶೆಲ್ ಕ್ರೋ. ಅವರೂ ಮರುದಿನ ಮ್ಯಾಟರ್‌ಹಾರ್ನ್‌ಗೇ ಹೊರಟಿದ್ದರು. ಒಂದೇ ಬೆಟ್ಟದ ಮೇಲೆ ಎರಡು ತಂಡ ಬೇಡವೆಂದು ರಾತ್ರಿ ಮಾತಾಡಿ ಎರಡನ್ನೂ ಒಂದು ಮಾಡಿದರು. ಹ್ಯಾಡೋಗೆ ಅನುಭವವಿದೆಯೇ ಎಂದು ವಿಂಪರ್ ಕೇಳಿದ. ಅವನು ಮಾಂಟ್ ಬ್ಲಾಂಕ್ ಶಿಖರವನ್ನು ಬೇರೆಯವರಿಗಿಂತ ಬೇಗ ಹತ್ತಿಳಿದವನು ಎಂದು ಹಡ್ಸನ್ ಭರವಸೆ ಕೊಟ್ಟರು. ಆ ಹುಡುಗನಿಗೆ ಅದು ಆಲ್ಪ್ಸ್‌ನಲ್ಲಿ ಮೊದಲ ಸೀಸನ್.

13ರ ಬೆಳಗ್ಗೆ ಐದೂವರೆಗೆ ಹೊರಟರು. ಆ ರಾತ್ರಿ ಬೆಟ್ಟದ ಮೇಲೆ ಗುಡಾರದಲ್ಲಿ ಕಳೆದರು. 14ರ ಮಧ್ಯಾಹ್ನ 1.40ಕ್ಕೆ ಶಿಖರ ಸಿಕ್ಕಿತು. ಕೊನೆಯ ಹಿಮದ ಇಳಿಜಾರಿನಲ್ಲಿ ಕ್ರೋ ಮತ್ತು ವಿಂಪರ್ ಓಡಿಯೇ ಹೋದರು. ಕಾರೆಲ್‌ನ ತಂಡ ಇಟಲಿಯ ಕಡೆ ಬಹಳ ಕೆಳಗೆ ಚುಕ್ಕೆಗಳಂತೆ ಕಂಡಿತು. ಇವರು ಕೂಗಿದರು, ಗಮನ ಸೆಳೆಯಲು ಕಲ್ಲು ಉರುಳಿಸಿದರು. ಕ್ರೋ ತನ್ನ ಅಂಗಿಯನ್ನೇ ಗುಡಾರದ ಕೋಲಿಗೆ ಕಟ್ಟಿ ಬಾವುಟ ಮಾಡಿದ. ಕಾರೆಲ್ ಅಂದು ಹಿಂದಿರುಗಿದ. ಮೂರು ದಿನ ಬಿಟ್ಟು ಅವನೂ ಇಟಲಿಯ ಕಡೆಯಿಂದ ಶಿಖರ ಮುಟ್ಟಿದ.

ಶಿಖರದ ಮೇಲೆ ಒಂದು ಗಂಟೆ ಇದ್ದು ಇಳಿಯಲು ಶುರುಮಾಡಿದರು. ಮುಂದೆ ಕ್ರೋ, ನಂತರ ಹ್ಯಾಡೋ, ಹಡ್ಸನ್, ಲಾರ್ಡ್ ಡಗ್ಲಸ್. ಅವರ ಹಿಂದೆ ಅಪ್ಪ ಪೀಟರ್, ವಿಂಪರ್, ಕೊನೆಗೆ ಮಗ ಪೀಟರ್. ಸ್ವಲ್ಪ ದೂರ ಇಳಿಯುವಷ್ಟರಲ್ಲಿ ಹ್ಯಾಡೋ ಜಾರಿ ಕ್ರೋನ ಮೇಲೆ ಬಿದ್ದ. ಇಬ್ಬರ ಭಾರಕ್ಕೆ ಹಡ್ಸನ್ ಕಿತ್ತುಬಂದರು, ಅವರ ಹಿಂದೆ ಡಗ್ಲಸ್. ಮೇಲಿದ್ದ ಮೂವರು ಬಂಡೆಯನ್ನು ಅಪ್ಪಿ ಹಿಡಿದರು. ಅಪ್ಪ ಪೀಟರ್ ಮತ್ತು ಡಗ್ಲಸ್ ನಡುವಿನ ಹಗ್ಗ ಎಳೆದುಕೊಂಡು ಬಿಗಿಯಾಗಿ, ನಡುವೆ ತುಂಡಾಯಿತು. ನಾಲ್ವರು ಸುಮಾರು 1200 ಮೀಟರ್ ಕೆಳಗಿನ ಹಿಮನದಿಗೆ ಬಿದ್ದುಹೋದರು. ಮೂವರ ದೇಹ ಸಿಕ್ಕಿತು. ಲಾರ್ಡ್ ಡಗ್ಲಸ್‌ನ ದೇಹ ಇವತ್ತಿನವರೆಗೂ ಸಿಕ್ಕಿಲ್ಲ.

ಬರೆದವನ ಮಾತು, ಬರೆಯದವನ ಮಾತು

ತಂಡದ ಬಳಿ ಮೂರು ಬಗೆಯ ಹಗ್ಗವಿತ್ತು. ಎರಡು ಗಟ್ಟಿಯಾದವು. ಮೂರನೆಯದು ತೆಳ್ಳಗಿನದು, ಹಳೆಯದು. ತುಂಡಾದದ್ದು ಆ ಮೂರನೆಯದು. ಊರಿನಲ್ಲಿ ಮೊದಲು ಹಬ್ಬಿದ ಸುದ್ದಿ, ಅಪ್ಪ ಪೀಟರ್ ತನ್ನ ಜೀವ ಉಳಿಸಿಕೊಳ್ಳಲು ಹಗ್ಗ ಕೊಯ್ದ ಎಂಬುದು. ಆ ಮಾತು ಸುಳ್ಳೆಂದು ವಿಂಪರನೇ ಬರೆದಿದ್ದಾನೆ. ತುದಿಯನ್ನು ತಾನು ನೋಡಿದ್ದೇನೆ, ಅದು ಕೊಯ್ದದ್ದಲ್ಲ, ಹರಿದದ್ದು ಎಂದ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಗಟ್ಟಿ ಹಗ್ಗಗಳಿದ್ದಾಗ ತನಗೂ ಮುಂದಿನವನಿಗೂ ನಡುವೆ ತೆಳ್ಳಗಿನದನ್ನೇ ಪೀಟರ್ ಯಾಕೆ ಬಳಸಿದ ಎಂಬ ಅನುಮಾನವನ್ನು ತನ್ನ ಪುಸ್ತಕದಲ್ಲಿ ಬಿತ್ತಿದ. 1871ರಲ್ಲಿ ಬಂದ ಆ ಪುಸ್ತಕವನ್ನು ಜನ ಇವತ್ತಿಗೂ ಓದುತ್ತಾರೆ.

ಪೀಟರ್ ಏನು ಹೇಳಿದ? ಜುಲೈ 21ರಿಂದ 23ರವರೆಗೆ ಝರ್ಮಾಟಿನಲ್ಲಿ ಅಧಿಕೃತ ವಿಚಾರಣೆ ನಡೆಯಿತು. ಅಲ್ಲಿ ಇದೇ ಪ್ರಶ್ನೆ ಅವನ ಮುಂದೆ ಬಂತು. ಅವನು ಕೊಟ್ಟ ಉತ್ತರ ಬಹಳ ಸರಳ. ಮೊದಲ ನಾಲ್ವರನ್ನು ಕಟ್ಟಿದ ಹಗ್ಗ ತನ್ನವರೆಗೆ ಬರುವಷ್ಟು ಉದ್ದ ಉಳಿದಿರಲಿಲ್ಲ, ಅದಕ್ಕೇ ಬೇರೆ ಹಗ್ಗ ಬಳಸಬೇಕಾಯಿತು ಎಂದ. ಆ ಹಗ್ಗ ಸಾಲದು ಎಂದು ತನಗೆ ಅನಿಸಿದ್ದರೆ ಕಟ್ಟುತ್ತಲೇ ಇರಲಿಲ್ಲ ಎಂದೂ ಹೇಳಿದ. ವಿಚಾರಣೆ ಯಾರನ್ನೂ ಅಪರಾಧಿ ಎನ್ನಲಿಲ್ಲ.

ಆದರೆ ಆ ಉತ್ತರ ಯಾರಿಗೂ ತಲುಪಲಿಲ್ಲ. ಪೀಟರ್ ತನ್ನ ಮೇಲಿನ ಅನುಮಾನ ತೊಳೆದುಕೊಳ್ಳಲಿ ಎಂದು ತಾನೇ ಕೆಲವು ಪ್ರಶ್ನೆಗಳನ್ನು ಬರೆದು ಕೊಟ್ಟಿದ್ದೆ, ಉತ್ತರ ಕಳಿಸುತ್ತೇವೆ ಎಂದವರು ಕಳಿಸಲೇ ಇಲ್ಲ ಎಂದು ವಿಂಪರ್ ಹೇಳಿಕೊಂಡಿದ್ದಾನೆ. ಅದರಲ್ಲಿ ಸುಳ್ಳಿಲ್ಲ. ವಿಚಾರಣೆಯ ದಾಖಲೆಗಳು ಪ್ರಕಟವಾದದ್ದು 1920ರಲ್ಲಿ. ಅಷ್ಟರಲ್ಲಿ ವಿಂಪರ್ ಸತ್ತು ಒಂಬತ್ತು ವರ್ಷ, ಅಪ್ಪ ಪೀಟರ್ ಸತ್ತು ಮೂವತ್ತೆರಡು ವರ್ಷ.

ಈ ಐವತ್ತೈದು ವರ್ಷ ಜಗತ್ತಿಗೆ ಸಿಕ್ಕಿದ್ದು ಒಂದೇ ಕಥೆ, ವಿಂಪರ್‌ನದು. ಆಗಸ್ಟ್ 1865ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವನ ಪತ್ರ ಬಂತು, ನಂತರ ಅವನದೇ ಚಿತ್ರಗಳಿದ್ದ ಪುಸ್ತಕ ಬಂತು. ಅಪಘಾತದ ನಂತರ ಅಪ್ಪ ಮಗ ಇಬ್ಬರೂ ಮಕ್ಕಳಂತೆ ಅತ್ತರು, ಹೆದರಿ ಕಾಲು ಕೀಳಲಾರದೆ ನಿಂತರು ಎಂದು ಅದರಲ್ಲಿದೆ. ಮಗ ಪೀಟರ್ ಎಷ್ಟೋ ವರ್ಷಗಳ ಮೇಲೆ ಹೇಳಿದ್ದು ಬೇರೆಯೇ. ನಡುಗುತ್ತಿದ್ದವನು ವಿಂಪರ್, ಅವನನ್ನು ಕೆಳಗಿಳಿಸಿ ತಂದವರು ನಾವು ಎಂದ. ಎರಡರಲ್ಲಿ ಯಾವುದು ನಿಜ ಎಂದು ತೀರ್ಪು ಕೊಡುವವನು ನಾನಲ್ಲ. ಒಂದು ಮಾತು ಇಂಗ್ಲಿಷಿನಲ್ಲಿ, ಚಿತ್ರಸಹಿತ, ಜಗತ್ತೆಲ್ಲ ಸುತ್ತಿತು. ಇನ್ನೊಂದು ಕಣಿವೆಯ ಜರ್ಮನ್ ಆಡುಮಾತಿನಲ್ಲಿ, ಊರೊಳಗೇ ಉಳಿಯಿತು.

ಊರಿನವರೂ ಪೀಟರ್‌ನ ಪರ ನಿಲ್ಲಲಿಲ್ಲ. ನೆರೆಹೊರೆಯವರೇ ಅವನು ಹಗ್ಗ ಕೊಯ್ದ ಎನ್ನುತ್ತಿದ್ದರು. ಅವನು ಕೆಲ ಕಾಲ ಊರು ಬಿಟ್ಟು ಅಮೆರಿಕಕ್ಕೆ ಹೋಗಿ ಬಂದ. 1888ರಲ್ಲಿ ತೀರಿಕೊಂಡ, ಅದೂ ಮ್ಯಾಟರ್‌ಹಾರ್ನ್‌ನ ಬುಡದಲ್ಲಿರುವ ಕಪ್ಪುಕೊಳದ ಹತ್ತಿರ.

ಹಾಗೆ ನೋಡಿದರೆ ಅವನ ಮೇಲಿದ್ದ ದೊಡ್ಡ ಆರೋಪ, ಅವನು ಬದುಕುಳಿದದ್ದು. ಆ ಹಗ್ಗ ಗಟ್ಟಿಯಾಗಿದ್ದರೆ ನಾಲ್ವರನ್ನು ಮೂವರು ತಡೆದು ನಿಲ್ಲಿಸುತ್ತಿದ್ದರೋ, ಏಳೂ ಜನ ಹೋಗುತ್ತಿದ್ದರೋ ಯಾರಿಗೆ ಗೊತ್ತು? ತುಂಡಾದ ಹಗ್ಗದಿಂದ ವಿಂಪರನೂ ಉಳಿದ. ಆದರೆ ಅವನನ್ನು ಯಾರೂ ಹಾಗೆ ಕೇಳಲಿಲ್ಲ.

ಅದೇ ಊರಿನ ಇನ್ನೊಬ್ಬನ ಕಥೆಯನ್ನೂ ಇಲ್ಲಿ ಹೇಳಬೇಕು. ಎರಡು ತಂಡಗಳು ಒಂದಾದ ಮಾಂಟೆ ರೋಸಾ ಹೋಟೆಲನ್ನು ನಡೆಸುತ್ತಿದ್ದವನು ಅಲೆಕ್ಸಾಂಡರ್ ಸೈಲರ್. ಅವನೂ ವಲಸಿಗನೇ. ಅದೇ ವಾಲೇ ಪ್ರಾಂತ್ಯದ ಬೇರೆ ಕಣಿವೆಯವನು. ಝರ್ಮಾಟ್ ಪ್ರವಾಸಿಗರ ಊರಾಗಿದ್ದರಲ್ಲಿ ಅವನ ಪಾಲು ದೊಡ್ಡದು. ಆದರೂ ಊರಿನ ಮೂಲನಿವಾಸಿಗಳು ಅವನಿಗೆ ಊರಿನ ಹಕ್ಕು ಕೊಡಲು ಒಪ್ಪಲಿಲ್ಲ. ವರ್ಷಗಟ್ಟಲೆ ಕಾನೂನು ಹೋರಾಟ ಮಾಡಿ 1889ರಲ್ಲಿ ಅದನ್ನು ಪಡೆದ. ಪುಣೆಯಲ್ಲಿ ಇಪ್ಪತ್ತು ವರ್ಷ ಕಳೆದರೂ "ನೀವು ಎಲ್ಲಿಯವರು?" ಎಂದು ಕೇಳಿಸಿಕೊಳ್ಳುವ ನಮ್ಮಂಥವರಿಗೆ ಸೈಲರ್ ಬೇಗ ಅರ್ಥವಾಗುತ್ತಾನೆ. ಆದರೆ ಸೈಲರ್ ಬಳಿ ಹಣವಿತ್ತು, ಅರ್ಜಿ ಬರೆಯುವವರಿದ್ದರು. ಪೀಟರ್ ಬಳಿ ಅವೆರಡೂ ಇರಲಿಲ್ಲ. ಅವನು ಹುಟ್ಟಿದ ಊರಿನಲ್ಲೇ ಹೊರಗಿನವನಾದ.

ನಮ್ಮ ಕಸುಬಿನ ಕಣ್ಣಿನಲ್ಲಿ

ನಾನು ಪ್ರಾಜೆಕ್ಟ್ ಮ್ಯಾನೇಜರ್. ಏನಾದರೂ ಕೆಟ್ಟುಹೋದಾಗ ಯಾಕೆ ಕೆಟ್ಟಿತು ಎಂದು ವರದಿ ಬರೆಯುವುದು ನನ್ನ ಕೆಲಸದ ಒಂದು ಭಾಗ. ಸಾಫ್ಟ್‌ವೇರ್‌ನಲ್ಲಿರುವ ಓದುಗರಿಗೆ ಆರ್‌ಸಿಎ ಎಂದರೆ ಗೊತ್ತು. ಮೂಲ ಕಾರಣ ಹುಡುಕುವ ದಾಖಲೆ. ಈ ಕಥೆ ಓದುವಾಗ ಅಭ್ಯಾಸಬಲದಿಂದ ನನ್ನ ತಲೆಯೊಳಗೆ ಆ ವರದಿ ತಯಾರಾಗುತ್ತಾ ಹೋಯಿತು.

ಮೊದಲನೆಯದು ಅವಸರ. ಕಾರೆಲ್ ಹೊರಟಿದ್ದಾನೆಂಬ ಸುದ್ದಿಯಿಂದ ಎರಡೇ ದಿನದಲ್ಲಿ ಎಲ್ಲ ತೀರ್ಮಾನಗಳೂ ಆದವು. ಎರಡನೆಯದು, ಎಂದೂ ಒಟ್ಟಿಗೆ ಹತ್ತದ ಎರಡು ತಂಡಗಳನ್ನು ಒಂದೇ ರಾತ್ರಿಯಲ್ಲಿ ಸೇರಿಸಿದ್ದು. ಮೂರನೆಯದು, ಹೊಸ ಹುಡುಗನ ಬಗ್ಗೆ ಒಬ್ಬರ ಬಾಯಿಮಾತನ್ನು ನಂಬಿದ್ದು. ಅವನು ಬೇಗ ಹತ್ತಿದ್ದ ನಿಜ. ಆದರೆ ಹಿಮದ ಮೇಲೆ ಬೇಗ ನಡೆಯುವುದೇ ಬೇರೆ, ಕಡಿದಾದ ಬಂಡೆ ಇಳಿಯುವುದೇ ಬೇರೆ.

ನಾಲ್ಕನೆಯದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ಕಷ್ಟದ ಜಾಗದಲ್ಲಿ ಬಂಡೆಗೆ ಒಂದು ಹಗ್ಗ ಬಿಗಿದು, ಅದನ್ನು ಹಿಡಿದುಕೊಂಡು ಇಳಿಯೋಣ ಎಂದು ಶಿಖರದ ಮೇಲೆ ವಿಂಪರ್ ಹಡ್ಸನ್‌ಗೆ ಹೇಳಿದ್ದ. ಹಡ್ಸನ್ ಒಪ್ಪಿದ್ದರು. ಆದರೆ ಮಾಡೇಬಿಡೋಣ ಎಂದು ನಿಶ್ಚಯವಾಗಲಿಲ್ಲ. ಯಾರೂ ಬಿಗಿಯಲಿಲ್ಲ. ಇದನ್ನು ಬರೆದವನು ವಿಂಪರನೇ.

ಐದನೆಯದು, ಹಗ್ಗ ಕಟ್ಟುವಾಗ ವಿಂಪರ್ ಎಲ್ಲಿದ್ದ ಎಂಬುದು. ಹೆಸರುಗಳನ್ನು ಬಾಟಲಿಯಲ್ಲಿಟ್ಟು ಬಂದಿಲ್ಲ ಎಂದು ಯಾರೋ ನೆನಪಿಸಿದರಂತೆ. ಅವನು ಶಿಖರದಲ್ಲೇ ಉಳಿದು ಎಲ್ಲರ ಹೆಸರು ಬರೆಯುತ್ತಿದ್ದ. ಇತಿಹಾಸಕ್ಕೆ ಹೆಸರು ಬಿಡುತ್ತಿದ್ದ ಹೊತ್ತಿನಲ್ಲಿ ಕೆಳಗೆ ಜೀವದ ಗಂಟು ಬೀಳುತ್ತಿತ್ತು. ನಂತರ ಅವನು ಅವರನ್ನು ಸೇರಿಕೊಂಡ. ಯಾವ ಹಗ್ಗ ಎಲ್ಲಿದೆ ಎಂದು ಆಗಲೂ ನೋಡಲಿಲ್ಲ.

ಆರನೆಯದು, ಆ ತೆಳ್ಳಗಿನ ಹಗ್ಗ ಅಲ್ಲಿಗೆ ಬಂದದ್ದು. ಬಂಡೆಗೆ ಬಿಗಿದು ಬಿಟ್ಟುಬರಲೆಂದು ಇಟ್ಟುಕೊಂಡಿದ್ದ ಆ ಹಗ್ಗ ವಿಂಪರ್‌ನ ಸಾಮಾನಿನಲ್ಲೇ ಬಂದಿತ್ತು. ಮನುಷ್ಯರನ್ನು ಕಟ್ಟಲು ಅಲ್ಲ ಎಂದು ಅವನಿಗೆ ಗೊತ್ತಿತ್ತು. ಬೇರೆಯವರಿಗೆ ಗೊತ್ತಿತ್ತೇ?

ಇಷ್ಟೂ ಕಾರಣಗಳು ವಿಂಪರ್‌ನ ಪುಸ್ತಕದಲ್ಲೇ ಅಲ್ಲಲ್ಲಿ ಸಿಗುತ್ತವೆ. ಅವನು ಮುಚ್ಚಿಡಲಿಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ಓದುಗನ ಮನಸ್ಸಿನಲ್ಲಿ ಉಳಿಯುವುದು ಒಂದೇ ಪ್ರಶ್ನೆ: ಪೀಟರ್ ಆ ಹಗ್ಗ ಯಾಕೆ ಕಟ್ಟಿದ?

ನನ್ನ ವರದಿ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ಎಂಟು ವರ್ಷದ ಹಿಂದೆ ನಾನು ಬೇರೊಂದು ಕಂಪನಿಯಲ್ಲಿದ್ದೆ. ಒಬ್ಬ ಗ್ರಾಹಕರ ಬಿಲ್ಲಿಂಗ್ ವ್ಯವಸ್ಥೆಯನ್ನು ಶನಿವಾರ ರಾತ್ರಿ ಹೊಸ ಆವೃತ್ತಿಗೆ ಬದಲಿಸುವ ಕೆಲಸ. ತಿಂಗಳ ಕೊನೆಯೊಳಗೆ ಮುಗಿಸುತ್ತೇವೆ ಎಂದು ಮಾತು ಕೊಟ್ಟವನು ನಾನು. ಅದಕ್ಕಾಗಿ ಪರೀಕ್ಷೆಗೆ ಇಟ್ಟಿದ್ದ ದಿನಗಳನ್ನು ಅರ್ಧ ಮಾಡಿದವನೂ ನಾನೇ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ತರುವುದು ಹೇಗೆ ಎಂದು ಒಮ್ಮೆ ಮಾಡಿ ನೋಡೋಣ ಎಂದು ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದ್ದೆವು. ಮಿನಿಟ್ಸ್‌ನಲ್ಲೂ ಬಂತು. ಯಾರು ಮಾಡಬೇಕೆಂದು ಅದರಲ್ಲಿ ಹೆಸರಿರಲಿಲ್ಲ.

ಆ ರಾತ್ರಿ ಕೆಲಸಕ್ಕೆ ಕೂತವನು ವಿಜಯಪುರದ ಕಡೆಯ ಹುಡುಗ. ಗುತ್ತಿಗೆಯ ಮೇಲೆ ಬಂದವನು. ನಮ್ಮ ಕಡೆಯವನು ಎಂದು ನಾನೇ ಪ್ರಾಜೆಕ್ಟಿಗೆ ಸೇರಿಸಿಕೊಂಡಿದ್ದೆ. ಫೋಲ್ಡರಿನಲ್ಲಿ ಎರಡು ಸ್ಕ್ರಿಪ್ಟ್ ಇದ್ದವು, ಒಂದು ಹಳೆಯದು, ಒಂದು ಹೊಸದು. ಅವನು ಹಳೆಯದನ್ನು ಓಡಿಸಿದ. ಸೋಮವಾರ ಬೆಳಗ್ಗೆ ಗ್ರಾಹಕರ ವ್ಯವಸ್ಥೆ ಆರು ಗಂಟೆ ನಿಂತಿತು.

ವರದಿ ಬರೆದವನು ನಾನು. ಇಂಜಿನಿಯರ್ ತಪ್ಪು ಸ್ಕ್ರಿಪ್ಟ್ ಆರಿಸಿದ್ದೇ ಮೂಲ ಕಾರಣ ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಹಳೆಯ ಸ್ಕ್ರಿಪ್ಟನ್ನು ತಿಂಗಳ ಹಿಂದೆ ಆ ಫೋಲ್ಡರಿನಲ್ಲಿಟ್ಟು ಅಳಿಸದೆ ಬಿಟ್ಟವನು ನಾನು ಎಂಬುದನ್ನು ಮಾತ್ರ ಬರೆಯಲಿಲ್ಲ. ಯಾರೂ ಕೇಳಲಿಲ್ಲ. ಗ್ರಾಹಕರು ವರದಿ ಒಪ್ಪಿದರು. ಆ ಹುಡುಗನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಅವನು ಹೋಗುವಾಗ ನನ್ನ ಡೆಸ್ಕಿಗೆ ಬಂದು, "ಹೋಗಿ ಬರ್ತೀನ್ರಿ ಸರ್" ಎಂದು ಕೈಮುಗಿದ. ನಾನು ಕಾಲ್‌ನಲ್ಲಿದ್ದೆ. ತಲೆಯಾಡಿಸಿದೆ.

ಝರ್ಮಾಟಿನಲ್ಲಿ ಮ್ಯೂಸಿಯಂನಿಂದ ಹೊರಬಂದಾಗ ಮಳೆ ನಿಂತಿತ್ತು. ಪಕ್ಕದಲ್ಲೇ ಬೆಟ್ಟದಲ್ಲಿ ಸತ್ತವರ ಸ್ಮಶಾನವಿದೆ. ಕ್ರೋನ ಸಮಾಧಿ ಅಲ್ಲಿದೆ. ಮುಖ್ಯ ಬೀದಿಯಲ್ಲಿ, ಮಾಂಟೆ ರೋಸಾ ಹೋಟೆಲಿನ ಗೋಡೆಯ ಮೇಲೆ ವಿಂಪರ್‌ನ ಮುಖದ ಕಂಚಿನ ಫಲಕವಿದೆ. ಮಗಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಅವ್ವ ಇನ್ನೂ ಆ ಹಗ್ಗದಲ್ಲೇ ಇದ್ದಳು.

"ಅದನ್ನ ಕಟ್ಟಿದಾಂವ ಏನಂದ ಅಂತ?" ಎಂದು ಕೇಳಿದಳು.

"ಗೊತ್ತಿಲ್ಲ ಅವ್ವಾ" ಎಂದೆ. ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಪುಣೆಯವರೆಗೂ ಬಿಡಲಿಲ್ಲ. ಎಂಟು ವರ್ಷದ ಹಿಂದೆ ಇನ್ನೊಬ್ಬನನ್ನೂ ನಾನು ಏನು ಎಂದು ಕೇಳಿರಲಿಲ್ಲ.

ವಿಚಾರಣೆಯಲ್ಲಿ ಪೀಟರ್ ಕೊಟ್ಟ ಉತ್ತರವನ್ನು ಓದಿದ ರಾತ್ರಿ ಆ ಹುಡುಗನ ನಂಬರ್ ಹುಡುಕಿ ಮೆಸೇಜ್ ಕಳಿಸಿದೆ. ಈಗ ಅವನು ಹೈದರಾಬಾದಿನಲ್ಲಿದ್ದಾನೆ, ಮದುವೆಯಾಗಿದೆ, ಒಳ್ಳೆಯ ಕೆಲಸದಲ್ಲಿದ್ದಾನೆ. ಅಂದು ನಾನು ಬರೆದ ವರದಿ ಸರಿಯಿರಲಿಲ್ಲ ಎಂದಷ್ಟೇ ಬರೆದಿದ್ದೆ. ಬೆಳಗ್ಗೆ ಉತ್ತರ ಬಂದಿತ್ತು.

"ಆರಾಮ ಅದೀರೇನ್ರಿ ಸರ್? ಅದರಾಗ ಏನ್ ಬರದಿದ್ರಿ ಅಂತ ನಾ ಇವತ್ತಿನ ತನಕಾ ನೋಡಿಲ್ರಿ. ಆ ಹಳೇ ಸ್ಕ್ರಿಪ್ಟ್ ಅಲ್ಲಿ ಯಾರು ಇಟ್ಟಿದ್ರು ಅನ್ನೂದು ಬರದಿದ್ರೇನ್ರಿ?"

ಅವನಿಗೆ ಆಗಲೇ ಗೊತ್ತಿತ್ತೋ ಏನೋ. "ಇಲ್ಲಪ್ಪಾ, ಬರೆದಿರಲಿಲ್ಲ. ಇಟ್ಟವನು ನಾನೇ" ಎಂದು ಉತ್ತರಿಸಿದೆ. ಅವನು ಓದಿದ್ದಾನೆ ಎಂದು ಫೋನ್ ತೋರಿಸಿತು. ಆ ದಿನ ಮತ್ತೇನೂ ಬರಲಿಲ್ಲ. ಮೂರು ದಿನದ ಮೇಲೆ ಮಗುವಿನ ನಾಮಕರಣದ ಒಂದು ಫೋಟೋ ಬಂತು.

ಆ ಹಳೆಯ ಕಂಪನಿಯ ವರದಿಯನ್ನು ಈಗ ತಿದ್ದಲು ಬರುವುದಿಲ್ಲ. ಅದು ಯಾವ ಸರ್ವರಿನಲ್ಲಿದೆಯೋ ನನಗೆ ತಿಳಿಯದು. ಈಗಿನ ನನ್ನ ತಂಡದಲ್ಲಿ ಒಂದು ನಿಯಮ ಮಾಡಿದ್ದೇನೆ. ಅಪಘಾತದ ವರದಿ ಗ್ರಾಹಕರಿಗೆ ಹೋಗುವ ಮೊದಲು, ಅದರಲ್ಲಿ ಯಾರ ಕೆಲಸದ ಮಾತು ಬಂದಿದೆಯೋ ಅವರು ಓದಬೇಕು. ಅವರು ಹೇಳುವುದನ್ನು ಅವರ ಮಾತಿನಲ್ಲೇ ಸೇರಿಸಬೇಕು. ಸಮಯ ಹಾಳು ಎನ್ನುವವರಿದ್ದಾರೆ. ಅವರಿಗೆ ಒಮ್ಮೊಮ್ಮೆ ಝರ್ಮಾಟಿನ ಹಗ್ಗದ ಫೋಟೋ ತೋರಿಸುತ್ತೇನೆ.

ಮೊನ್ನೆ ಊರಿಗೆ ಹೋದಾಗ ಅವ್ವ ಮತ್ತೆ ಕೇಳಿದಳು. ಈ ಸಲ ಉತ್ತರ ಹೇಳಿದೆ. ಮೊದಲಿನ ಹಗ್ಗ ಅವನ ತನಕ ಮುಟ್ಟಲಿಲ್ಲವಂತೆ ಎಂದೆ.

"ಮತ್ತ? ಮುಟ್ಟದಿದ್ರ ಕೈಯಾಗ ಇದ್ದದ್ದು ಕಟ್ಟಿ ಇರ್ತಾನ" ಎಂದಳು ಅವ್ವ. ಹಿತ್ತಲಲ್ಲಿ ಕರು ಕೂಗಿತೆಂದು ಎದ್ದು ಹೋದಳು.